ಹಿಂಬದಿಯಿಲ್ಲದ ಅರಮನೆ

ಸುಳ್ಳೆಂದು ಮೊದಲೇ ತಿಳಿದಿರುವ ವಸ್ತುವನ್ನು ನೋಡಲು ಮನುಷ್ಯನು ಏಕೆ ಹೋಗುತ್ತಾನೆ? ಹೋಗಿ, ಅದರ ಮುಂದೆ ನಿಂತು, ಬೆರಗಾಗಿ, ಚಿತ್ರ ತೆಗೆಸಿಕೊಂಡು ಹಿಂದಿರುಗಿದವನನ್ನು ಮೋಸಹೋದವನು ಎನ್ನಬೇಕೋ, ರಸಿಕನು ಎನ್ನಬೇಕೋ? ಪ್ರಶ್ನೆ ಹಗುರವಾಗಿ ತೋರಬಹುದು. ಆದರೆ ನಮ್ಮ ಸಂಘದ ಕುಟುಂಬಗಳಲ್ಲಿ ರಾಮೋಜಿ ಫಿಲಂ ಸಿಟಿಯನ್ನು ಒಮ್ಮೆಯೂ ನೋಡದ ಮನೆ ಅಪರೂಪ. ನಾರಾಯಣಪೇಟೆ, ತಾಂಡೂರು, ಜಹೀರಾಬಾದಿನ ಕಡೆ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಎಲ್ಲಿಗೆ ಹೋಗೋಣವೆಂದು ಕೇಳಿದರೆ ಮೊದಲು ಬರುವ ಹೆಸರು ಅದೇ. ಕರ್ನಾಟಕದಿಂದ ಬೀಗರು ಬಂದರೆ ಮೊದಲ ದಿನ ಚಾರ್‌ಮಿನಾರು, ಸಾಲಾರ್‌ಜಂಗ್ ಸಂಗ್ರಹಾಲಯ. ಎರಡನೆಯ ದಿನ ಫಿಲಂ ಸಿಟಿ. ನಮ್ಮ ಸಂಘದ ಹಿರಿಯ ಅಧ್ಯಾಪಕರೊಬ್ಬರು ಇಂಥ ಪ್ರವಾಸದ ಮಾತು ಬಂದಾಗಲೆಲ್ಲ "ರೊಕ್ಕಾ ಕೊಟ್ಟು ಸುಳ್ಳು ನೋಡ್ಲಾಕ ಹೋಗ್ತೀರೇನ್ರಿ?" ಎಂದು ಕೇಳುವುದುಂಟು. ಕೇಳಿದವರೆಲ್ಲ ನಗುತ್ತಾರೆ, ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ. ಉತ್ತರವನ್ನು ಹುಡುಕಲು ಯೋಗ್ಯವಾದ ಪ್ರಶ್ನೆ ಅದೆಂದು ನನಗೆ ತೋರಿದೆ.

ಹೈದರಾಬಾದಿನಿಂದ ವಿಜಯವಾಡಕ್ಕೆ ಹೋಗುವ ಹೆದ್ದಾರಿಯ ಪಕ್ಕದ ಕಲ್ಲುಗುಡ್ಡಗಳ ನಡುವೆ 1996ರಲ್ಲಿ ರಾಮೋಜಿರಾವ್ ಅವರು ಕಟ್ಟಿಸಿದ ಈ ಚಿತ್ರನಗರಿಯ ವಿಸ್ತಾರ 1,600 ಎಕರೆಗೂ ಮಿಕ್ಕಿದ್ದು. ನಿರ್ಮಾಪಕನು ಕಥೆಯನ್ನು ಕೈಯಲ್ಲಿ ಹಿಡಿದು ಒಳಗೆ ಬಂದರೆ ಸಿದ್ಧವಾದ ಚಿತ್ರದೊಂದಿಗೆ ಹೊರಗೆ ಹೋಗಬಹುದೆಂಬುದು ಅದರ ಸಂಕಲ್ಪ. ರೈಲು ನಿಲ್ದಾಣವುಂಟು, ರೈಲಿಲ್ಲ. ವಿಮಾನ ನಿಲ್ದಾಣವುಂಟು, ಅಲ್ಲಿಂದ ಯಾರೂ ಎಲ್ಲಿಗೂ ಹಾರಿಹೋಗಿಲ್ಲ. ಸೆರೆಮನೆಯುಂಟು, ಕೈದಿಗಳಿಲ್ಲ. ಪ್ರವಾಸಿಗರು ಈಚೆಗೆ ಹೆಚ್ಚು ಹೊತ್ತು ನಿಲ್ಲುವ ಜಾಗವೆಂದರೆ 'ಬಾಹುಬಲಿ' ಚಿತ್ರಕ್ಕಾಗಿ ಕಲಾನಿರ್ದೇಶಕ ಸಾಬು ಸಿರಿಲ್ ಅವರು ರೂಪಿಸಿದ ಮಾಹಿಷ್ಮತೀ ನಗರದ ಅಂಗಳ. 2015ರಲ್ಲಿ ಚಿತ್ರದ ಮೊದಲ ಭಾಗವೂ 2017ರಲ್ಲಿ ಎರಡನೆಯ ಭಾಗವೂ ತೆರೆಕಂಡವು. ಸಾಮಾನ್ಯವಾಗಿ ಚಿತ್ರೀಕರಣ ಮುಗಿದೊಡನೆ ಕಟ್ಟಿದ್ದನ್ನು ಕೆಡವಿ ಮರಮುಟ್ಟನ್ನು ಮಾರುವುದು ವಾಡಿಕೆ. ಇದನ್ನು ಕೆಡವಲಿಲ್ಲ, ನೋಡುವವರಿಗಾಗಿ ಉಳಿಸಿದರು. ಆ ಚಿತ್ರದ ನಿರ್ದೇಶಕ ರಾಜಮೌಳಿಯವರು ಹುಟ್ಟಿದ್ದು ನಮ್ಮ ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ ಎಂಬುದನ್ನು ಇಲ್ಲಿ ಹೇಳದೆ ಬಿಟ್ಟರೆ ನಮ್ಮ ಕಡೆಯ ಓದುಗರು ಒಪ್ಪಲಿಕ್ಕಿಲ್ಲ.

ಆ ಅಂಗಳದಲ್ಲಿ ಜನ ಎರಡು ಬಗೆಯಾಗಿ ನಡೆಯುತ್ತಾರೆ. ಮೊದಲು ಎಲ್ಲರೂ ಮುಂಭಾಗದಲ್ಲಿ ನಿಂತು ಕತ್ತೆತ್ತಿ ನೋಡುತ್ತಾರೆ. ಅನಂತರ, ಯಾರೂ ಹೇಳದಿದ್ದರೂ, ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದು ಗೋಡೆಯ ಹಿಂದಕ್ಕೆ ಹೋಗುತ್ತಾರೆ. ಕಲ್ಲೆಂದು ಕಂಡದ್ದನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಅದು ಹುರುಳಿಲ್ಲದ ಡಬಡಬ ಸದ್ದು ಮಾಡುತ್ತದೆ. ಮುಂದೆ ಕೆತ್ತನೆಯ ಕಂಬ, ಹಿಂದೆ ಕಬ್ಬಿಣದ ಚೌಕಟ್ಟು, ಹಲಗೆ, ಮೊಳೆ. ಚಿತ್ರದಲ್ಲಿ ಮುಗಿಲು ಮುಟ್ಟಿದ್ದ ಅರಮನೆ ಇಲ್ಲಿ ಸ್ವಲ್ಪ ಎತ್ತರಕ್ಕೇ ಮುಗಿದುಬಿಡುತ್ತದೆ. ಮೇಲಿನ ಅಂತಸ್ತುಗಳನ್ನು ಕಟ್ಟಿದವರು ಗಾರೆಯವರಲ್ಲ, ಗಣಕಯಂತ್ರದ ಮುಂದೆ ಕುಳಿತವರು. ಹೀಗಾಗಿ ನಾವು ಚಿತ್ರಮಂದಿರದಲ್ಲಿ ಕಂಡ ಆ ಅರಮನೆ ಪೂರ್ಣವಾಗಿ ಎಲ್ಲಿಯೂ ಎಂದೂ ಇರಲಿಲ್ಲ. ಅದರ ಕೆಳಭಾಗ ಈ ಗುಡ್ಡದ ಮೇಲೆ, ಮೇಲ್ಭಾಗ ಯಂತ್ರದ ಸ್ಮೃತಿಯಲ್ಲಿ. ಎರಡೂ ಸೇರಿದ್ದು ತೆರೆಯ ಮೇಲೆ ಮಾತ್ರ.

ಹಿಂಬದಿಗೆ ಹೋದವರ ಮುಖಗಳನ್ನು ನಾನು ಗಮನಿಸಿದ್ದೇನೆ. ಅಧ್ಯಾಪಕರ ಮಾತು ನಿಜವಾಗಿದ್ದರೆ ಅಲ್ಲಿ ನಿರಾಶೆ ಕಾಣಬೇಕಿತ್ತು. ಕಾಣುವುದು ಸಂತೋಷ. ಮಕ್ಕಳಂತೂ ಗುಟ್ಟನ್ನು ಹಿಡಿದವರ ಹಾಗೆ ತಂದೆತಾಯಿಯರನ್ನು ಕೈಹಿಡಿದು ಎಳೆದು ತರುತ್ತಾರೆ. ಆಮೇಲೆ ಮತ್ತೆ ಮುಂಭಾಗಕ್ಕೆ ಬಂದು ಇನ್ನೊಮ್ಮೆ ಕತ್ತೆತ್ತಿ ನೋಡುತ್ತಾರೆ. ಬೆರಗು ಕಡಮೆಯಾಗಿರುವುದಿಲ್ಲ. ಅದೇ ನಗರಿಯ ಬೇರೊಂದು ಮೂಲೆಯಲ್ಲಿ ದೇವಾಲಯದ ಆವರಣವೊಂದುಂಟು. ಗರ್ಭಗುಡಿ ಬರಿದು, ಚಿತ್ರದ ಕಥೆಗೆ ತಕ್ಕ ದೇವರನ್ನು ತಂದು ಇಡುವರೆಂದು ಜೊತೆಗಿದ್ದ ಮಾರ್ಗದರ್ಶಿ ವಿವರಿಸುತ್ತಿದ್ದ. ನಮ್ಮ ಅತ್ತಿಗೆಯವರು ಅದನ್ನೆಲ್ಲ ಕೇಳಿಸಿಕೊಂಡು, ಚಪ್ಪಲಿ ಬಿಟ್ಟು, ಆ ಬರಿದಾದ ಗರ್ಭಗುಡಿಗೆ ಕೈಮುಗಿದರು. ಜೊತೆಯ ಹುಡುಗರು ನಕ್ಕಾಗ, "ಒಳಗ ದೇವರಿಲ್ಲಂದ್ರೇನಾತು, ಕೈ ನನ್ನವೇ ಅದಾವಲ್ಲ" ಎಂದರು. ಈ ಮಾತನ್ನು ಪಂಡಿತರ ಮುಂದಿಟ್ಟರೆ ಅರ್ಧ ದಿನದ ಚರ್ಚೆಗೆ ಸಾಕಾದೀತು.

ಪಂಡಿತರು ಈ ಚರ್ಚೆಯನ್ನು ಬಹಳ ಹಿಂದೆಯೇ ಮಾಡಿದ್ದಾರೆ. ಒಂಬತ್ತನೆಯ ಶತಮಾನದ ಶ್ರೀಶಂಕುಕನ ಗ್ರಂಥ ನಮಗೆ ಉಳಿದು ಬಂದಿಲ್ಲ. ಅಭಿನವಗುಪ್ತನು ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ಅವನ ಮತವನ್ನು ಎತ್ತಿ ಖಂಡಿಸಿರುವುದರಿಂದ ಅದು ಬದುಕಿದೆ. ಶಂಕುಕನ ಪ್ರಶ್ನೆ ಇದು: ರಂಗದ ಮೇಲೆ ರಾಮನ ವೇಷ ತೊಟ್ಟ ನಟನನ್ನು ಕಂಡಾಗ ಪ್ರೇಕ್ಷಕನಿಗೆ ಆಗುವ ಅರಿವು ಯಾವ ಬಗೆಯದು? ಇವನು ನಿಜವಾಗಿಯೂ ರಾಮನೆಂಬ ಅರಿವು ಅದಲ್ಲ. ರಾಮನೆಂದು ಭ್ರಮಿಸಿ ಅನಂತರ ಅಲ್ಲವೆಂದು ಕಂಡುಕೊಳ್ಳುವ ತಪ್ಪರಿವೂ ಅಲ್ಲ. ರಾಮನೋ ಅಲ್ಲವೋ ಎಂಬ ಸಂಶಯವಲ್ಲ. ರಾಮನನ್ನು ಹೋಲುತ್ತಾನೆ ಎಂಬ ಹೋಲಿಕೆಯ ತಿಳಿವೂ ಅಲ್ಲ. ಈ ನಾಲ್ಕಕ್ಕೂ ಸೇರದ ಬೇರೆಯೇ ಒಂದು ಅರಿವು ಅದು. ಗೋಡೆಯ ಮೇಲೆ ಬಿಡಿಸಿದ ಕುದುರೆಯನ್ನು ನೋಡಿ ನಾವು 'ಕುದುರೆ' ಎನ್ನುವುದಿಲ್ಲವೇ, ಹಾಗೆ. ಚಿತ್ರತುರಗ ನ್ಯಾಯವೆಂದು ಇದಕ್ಕೆ ಹೆಸರು. ಗೋಡೆಯ ಕುದುರೆಗೆ ಯಾರೂ ಹುಲ್ಲು ಹಾಕುವುದಿಲ್ಲ. ಅದನ್ನು ಸುಳ್ಳೆಂದು ಬೈಯುವುದೂ ಇಲ್ಲ. ಅಭಿನವಗುಪ್ತನಿಗೆ ಈ ಮತ ಪೂರ್ತಿಯಾಗಿ ಒಪ್ಪಿಗೆಯಾಗಲಿಲ್ಲವೆಂಬುದು ಬೇರೆ ಮಾತು. ನಮ್ಮ ಪ್ರಸಂಗಕ್ಕೆ ಆ ಕುದುರೆ ಸಾಕು.

ಇದಕ್ಕೆ ಎದುರಾಗಿ ವೇದಾಂತದ ಹಗ್ಗ ಮತ್ತು ಹಾವಿನ ಉದಾಹರಣೆಯನ್ನು ಇಟ್ಟು ನೋಡಬಹುದು. ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ಕಂಡು ಹೆದರಿದವನು ದೀಪ ತಂದೊಡನೆ ಹಾವನ್ನು ಕಳೆದುಕೊಳ್ಳುತ್ತಾನೆ. ಅದು ಮತ್ತೆ ಬಾರದು. ಮಾಹಿಷ್ಮತಿಯಲ್ಲಿ ದೀಪವನ್ನು ಅವರೇ ಕೈಗೆ ಕೊಡುತ್ತಾರೆ, ಹಿಂಬದಿಯ ಬಾಗಿಲನ್ನೂ ತೆರೆದಿಟ್ಟಿದ್ದಾರೆ. ಆದರೂ ಅರಮನೆ ಅಳಿಯುವುದಿಲ್ಲ. ಮನೆಗೆ ಮರಳಿ ಅದೇ ಚಿತ್ರವನ್ನು ಮತ್ತೆ ಹಾಕಿದರೆ ಅದು ಹಿಂದಿನಷ್ಟೇ ಎತ್ತರವಾಗಿ ನಿಂತಿರುತ್ತದೆ. ದೀಪಕ್ಕೆ ಅಳುಕದ ವಸ್ತುವನ್ನು ಭ್ರಮೆಯೆಂದು ಕರೆಯುವುದು ಕಷ್ಟ. ಸುಳ್ಳು ಎಂಬುದಕ್ಕೆ ಮುಚ್ಚಿಡುವ ಉದ್ದೇಶ ಬೇಕು. ಸೆಟ್ಟಿಗೆ ಅಂಥ ಉದ್ದೇಶವಿಲ್ಲ. ಇದು ಸೆಟ್ಟು ಎಂದು ಟಿಕೀಟಿನ ಮೇಲೆಯೇ ಅಚ್ಚಾಗಿರುತ್ತದೆ. ಆದ್ದರಿಂದ ಅಧ್ಯಾಪಕರ ಪ್ರಶ್ನೆಯ ಅರ್ಧಭಾಗಕ್ಕೆ ಉತ್ತರ ಸಿಕ್ಕಿತೆನ್ನಬಹುದು: ನಾವು ನೋಡಲು ಹೋದದ್ದು ಸುಳ್ಳನ್ನಲ್ಲ.

ಹಾಗಾದರೆ ಏನನ್ನು?

ನಾಟಕಕ್ಕಾಗಿ ಹುಸಿ ವಸ್ತುಗಳನ್ನು ಕಟ್ಟುವ ವಿದ್ಯೆ ನಮಗೆ ಹೊಸತಲ್ಲ. ಭರತಮುನಿ ಅದನ್ನು 'ಪುಸ್ತ' ಎಂದು ಕರೆದು ಆಹಾರ್ಯಾಭಿನಯದ ಕೆಳಗೆ ಸೇರಿಸಿದ್ದಾನೆ. ಬೆಟ್ಟ, ರಥ, ವಿಮಾನ, ಆನೆ, ಆಯುಧಗಳನ್ನು ಚಾಪೆ, ಬಟ್ಟೆ, ತೊಗಲುಗಳಿಂದ ಜೋಡಿಸುವುದು ಒಂದು ಬಗೆ. ಯಂತ್ರದಿಂದ ಆಡಿಸುವುದು ಇನ್ನೊಂದು. ಸುತ್ತಿ ಮಾಡುವುದು ಮತ್ತೊಂದು. ಭಾರವಾದ ನಿಜ ವಸ್ತುಗಳಿಂದ ನಟನು ಬಳಲುವನಾದ್ದರಿಂದ ಎಲ್ಲವೂ ಹಗುರವಾಗಿರಲಿ ಎಂಬ ಎಚ್ಚರವೂ ಅಲ್ಲಿದೆ. ನಮ್ಮ ಕಡೆಯ ಹಿರಿಯರಿಗೆ ಕಂಪನಿ ನಾಟಕಗಳ ಪರದೆಗಳು ನೆನಪಿರಬೇಕು: ಬೀದಿ ಸೀನು, ಅರಮನೆ ಸೀನು, ಕಾಡಿನ ಸೀನು. ಗುಬ್ಬಿ ವೀರಣ್ಣನವರ ಕಂಪನಿ 1930ರ ದಶಕದಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಯಕ್ಷಗಾನದವರು ಇನ್ನೊಂದು ತುದಿಗೆ ಹೋದರು. ಅವರಿಗೆ ಒಂದು ಮರದ ಪೀಠ ಸಾಕು. ಅದೇ ರಥ, ಅದೇ ಸಿಂಹಾಸನ.

ಆದರೆ ಜಾತ್ರೆ ಮುಗಿದ ಮೇಲೆ ಕಂಪನಿಯ ಅರಮನೆ ಸೀನನ್ನು ನೋಡಲು ಯಾರೂ ಮರುದಿನ ಹೋಗಲಿಲ್ಲ. ಅದನ್ನು ಸುರುಳಿ ಸುತ್ತಿ ಗಾಡಿಗೆ ಹಾಕಿ ಮುಂದಿನ ಊರಿಗೆ ಸಾಗಿಸುತ್ತಿದ್ದರು. ಪುಸ್ತಕ್ಕೆ ನಾಟಕದ ಹೊರಗೆ ಬಾಳಿರಲಿಲ್ಲ. ನಮ್ಮ ಕಾಲ ಹೊಸದಾಗಿ ಮಾಡಿರುವುದು ಇದು: ನಾಟಕ ಮುಗಿದ ಮೇಲೆ, ನಟರು ಹೋದ ಮೇಲೆ, ದೀಪ ಆರಿಸಿದ ಮೇಲೆ ಪರದೆಯನ್ನು ಮಾತ್ರ ನಿಲ್ಲಿಸಿ ಅದನ್ನು ನೋಡಲು ಕರೆಯುವುದು. ಶಂಕುಕನ ಗೋಡೆಯಿಂದ ಕುದುರೆ ಇಳಿದುಹೋಗಿ ಬಣ್ಣ ಮಾತ್ರ ಉಳಿದಿದೆ. ಬಣ್ಣವನ್ನು ನೋಡಿ ಸಂತೋಷಪಡುವುದು ಹೇಗೆ ಸಾಧ್ಯ?

ರಾಮನಗರದಲ್ಲಿ ಇದಕ್ಕೆ ಒಂದು ಸೂಚನೆ ಸಿಗುತ್ತದೆ. 1975ರಲ್ಲಿ ಬಂದ 'ಶೋಲೆ' ಚಿತ್ರಕ್ಕಾಗಿ ರಾಮದೇವರ ಬೆಟ್ಟದ ಕೆಳಗೆ ರಾಮಗಢವೆಂಬ ಹಳ್ಳಿಯನ್ನೇ ಕಟ್ಟಿದ್ದರು. ನಿರ್ದೇಶಕ ರಮೇಶ್ ಸಿಪ್ಪಿಯವರ ಹೆಸರಿನಿಂದ ಆ ಜಾಗಕ್ಕೆ ಸಿಪ್ಪಿನಗರವೆಂಬ ಹೆಸರೂ ಬಿದ್ದಿತ್ತು. ಆ ಹಳ್ಳಿ ಈಗಿಲ್ಲ. ಚಿತ್ರೀಕರಣದೊಂದಿಗೇ ಅದರ ಆಯುಷ್ಯ ಮುಗಿಯಿತು. ಬೆಟ್ಟ ಈಗ ರಣಹದ್ದುಗಳ ಅಭಯಾರಣ್ಯ. ಆದರೂ ಜನ ಬರುತ್ತಾರೆ. ಗಬ್ಬರ್‌ಸಿಂಗನು ಕುಳಿತ ಬಂಡೆ ಯಾವುದೆಂದು ಕೇಳುತ್ತಾರೆ. ಬರಿಯ ಬಂಡೆಯ ಮುಂದೆ ನಿಂತು ಮಾತುಗಳನ್ನು ಒಪ್ಪಿಸುತ್ತಾರೆ. ನೋಡಲು ಏನೂ ಇಲ್ಲದ ಕಡೆಗೂ ಜನ ಹೋಗುತ್ತಾರೆಂದ ಮೇಲೆ ಅವರು ನೋಡಲು ಹೋದದ್ದು ಅಲ್ಲಿ ಇರುವುದನ್ನಲ್ಲ. ನಾಟಕವನ್ನು ಅವರೇ ಹೊತ್ತು ತಂದಿರುತ್ತಾರೆ. ಇಳಿಸಿಡಲು ಒಂದು ಜಾಗ ಬೇಕಾಗಿರುತ್ತದೆ, ಅಷ್ಟೆ.

ಇದನ್ನು ಹೀನವೆಂದು ಹೇಳುವ ಮುನ್ನ ನಮ್ಮ ಊರುಗಳನ್ನು ನೆನೆಯಬೇಕು. ದಖ್ಖನಿನ ಈ ಗುಡ್ಡಗಳಲ್ಲಿ ಸೀತೆ ಮಿಂದ ಹೊಂಡ, ಭೀಮನು ಊರಿದ ಹೆಜ್ಜೆ, ಪಾಂಡವರು ಒಂದು ರಾತ್ರಿ ಕಳೆದ ಗವಿ ಎಷ್ಟಿಲ್ಲ! ಅಲ್ಲಿಗೆ ಹೋಗುವ ಮುದುಕಿಯೂ ರಾಮದೇವರ ಬೆಟ್ಟಕ್ಕೆ ಬರುವ ಯುವಕನೂ ತಮ್ಮ ಮನಸ್ಸಿನ ಕಥೆಗೆ ಕಲ್ಲಿನ ಒಂದು ಆಧಾರವನ್ನು ಹುಡುಕುವವರೇ. ಭಕ್ತಿಯ ಆಳದಲ್ಲಿ ಅಂತರ ಉಂಟು, ಒಪ್ಪುತ್ತೇನೆ. ಇನ್ನೊಂದು ಅಂತರವೂ ಉಂಟು. ಹಿಂದಿನವರು ಇರುವ ಕಲ್ಲಿಗೆ ಕಥೆಯನ್ನು ಕೊಟ್ಟರು. ಕಲ್ಲು ಮೊದಲು, ಅದರ ಸುತ್ತ ಊರು, ಊರಿನ ಸುತ್ತ ಕಥೆ. ಈಗ ಕಥೆ ಮೊದಲು, ಅದಕ್ಕಾಗಿ ಕಲ್ಲನ್ನು ಮಾಡುತ್ತಾರೆ. ಆ ಕಲ್ಲಿನ ಸುತ್ತ ಊರು ಬೆಳೆಯುವುದಿಲ್ಲ. ಸಂಜೆ ಬಾಗಿಲು ಹಾಕುತ್ತಾರೆ.

ಇಲ್ಲಿಯವರೆಗೆ ನನಗೆ ಸೆಟ್ಟಿನ ಮೇಲೆ ಯಾವ ದೂರೂ ಇಲ್ಲ. ದೂರು ಹುಟ್ಟುವುದು ಬೇರೆ ಕಡೆ. ನಮ್ಮ ಮನೆಯ ಮಕ್ಕಳನ್ನು ಮಾಹಿಷ್ಮತಿ ಎಲ್ಲಿದೆಯೆಂದು ಕೇಳಿ ನೋಡಿರಿ. ಫಿಲಂ ಸಿಟಿಯಲ್ಲಿ ಎನ್ನುತ್ತಾರೆ. ಮಾಹಿಷ್ಮತಿಯೆಂಬುದು ನರ್ಮದೆಯ ದಡದಲ್ಲಿ ನಿಜವಾಗಿಯೂ ಇದ್ದ ನಗರ. ಪುರಾಣಗಳು ಅದನ್ನು ಕಾರ್ತವೀರ್ಯಾರ್ಜುನನ ರಾಜಧಾನಿಯೆನ್ನುತ್ತವೆ. ಮಧ್ಯಪ್ರದೇಶದ ಮಹೇಶ್ವರವೇ ಅದೆಂದು ಕೆಲವರು, ಓಂಕಾರೇಶ್ವರದ ಮಾಂಧಾತ ದ್ವೀಪವೆಂದು ಕೆಲವರು ವಿದ್ವಾಂಸರು ಗುರುತಿಸುತ್ತಾರೆ. ಶಂಕರಾಚಾರ್ಯರು ಮಂಡನಮಿಶ್ರರೊಂದಿಗೆ ವಾದಕ್ಕೆ ಹೋದದ್ದು ಈ ಊರಿಗೇ ಎಂದು ಶಂಕರವಿಜಯ ಕಾವ್ಯದ ಸಂಪ್ರದಾಯ. ಮಂಡನರ ಮನೆ ಯಾವುದೆಂದು ಆಚಾರ್ಯರು ನೀರು ಹೊರುವ ಹೆಂಗಸರನ್ನು ಕೇಳಿದಾಗ ಅವರು ಕೊಟ್ಟ ಗುರುತು ಸ್ವಾರಸ್ಯವಾದದ್ದು. ಯಾವ ಮನೆಯ ಬಾಗಿಲಲ್ಲಿ ಪಂಜರದ ಗಿಳಿಗಳು ಅರಿವಿನ ಪ್ರಾಮಾಣ್ಯವು ತನ್ನಿಂದಲೇ ಬರುತ್ತದೆಯೋ ಹೊರಗಿನಿಂದ ಬರುತ್ತದೆಯೋ ಎಂದು ಚರ್ಚಿಸುತ್ತಿರುವುವೋ ಅದೇ ಅವರ ಮನೆ! ಗಿಳಿಗಳ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ನಮ್ಮ ಎರಡು ಮಾಹಿಷ್ಮತಿಗಳಿಗೂ ಹಾಕಬಹುದು. ಹೈದರಾಬಾದಿನದು ಪರತಃ ಪ್ರಮಾಣ; ಚಿತ್ರವನ್ನು ನೋಡಿದವರು ಇರುವವರೆಗೆ ಅದಕ್ಕೆ ಬೆಲೆ. ನರ್ಮದೆಯದಕ್ಕೆ ಯಾರ ನೋಟದ ಹಂಗೂ ಇಲ್ಲ. ಆದರೆ ನೋಡುವವರು ಇಲ್ಲದಿದ್ದರೆ, ಇರುವುದು ಇದ್ದೂ ಇಲ್ಲದಂತಾಗುತ್ತದೆ ಎಂಬುದನ್ನು ಗಿಳಿಗಳು ಚರ್ಚಿಸಿದುವೋ ಇಲ್ಲವೋ ಕಾಣೆ.

ನರ್ಮದೆ ನಮಗೆ ದೂರ. ಹತ್ತಿರದ್ದನ್ನೇ ಹೇಳುತ್ತೇನೆ. ಹೈದರಾಬಾದಿನಿಂದ ಉತ್ತರಕ್ಕೆ ಹೋದರೆ ಕರೀಂನಗರ. ಆ ಜಿಲ್ಲೆಯ ಗಂಗಾಧರ ಮಂಡಲದಲ್ಲಿ ಕುರಿಕ್ಯಾಲ ಗ್ರಾಮದ ಬಳಿ ಬೊಮ್ಮಲಗುಟ್ಟವೆಂಬ ಗುಡ್ಡವಿದೆ. ಅಲ್ಲಿನ ಬಂಡೆಯ ಮೇಲೆ ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಕೊರೆದು, ಕೆಳಗೆ ಶಾಸನವೊಂದನ್ನು ಬರೆಸಿದ್ದಾರೆ. ಬರೆಸಿದವನು ಜಿನವಲ್ಲಭ, ಆದಿಕವಿ ಪಂಪನ ತಮ್ಮ. ಕಾಲ ಹತ್ತನೆಯ ಶತಮಾನ. ಒಂದೇ ಶಾಸನದಲ್ಲಿ ಕನ್ನಡ, ಸಂಸ್ಕೃತ, ತೆಲುಗು ಮೂರೂ ಇವೆ; ಅದರ ತೆಲುಗು ಕಂದಪದ್ಯಗಳನ್ನು ಆ ಭಾಷೆಯ ಅತಿ ಹಳೆಯ ಪದ್ಯಗಳ ಸಾಲಿನಲ್ಲಿ ಎಣಿಸುತ್ತಾರೆ. ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ. ತಂದೆಯ ಮೂಲ ವೆಂಗಿನಾಡಿನ ವಂಗಿಪರ್ರು. ತಾಯಿಯ ತವರಿನ ನಂಟು ಅಣ್ಣಿಗೇರಿಗೆ. ಅಣ್ಣನು 941ರಲ್ಲಿ ತನ್ನ ಎರಡು ಮಹಾಕಾವ್ಯಗಳನ್ನು ಮುಗಿಸಿದ್ದು ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ. ಆ ವೇಮುಲವಾಡವೂ ಇಂದು ತೆಲಂಗಾಣದಲ್ಲೇ ಇದೆ. ತಮ್ಮನು ತಾನು ತ್ರಿಭುವನತಿಲಕವೆಂಬ ಬಸದಿಯನ್ನೂ ಮದನವಿಲಾಸವೆಂಬ ತೋಟವನ್ನೂ ಮಾಡಿಸಿದೆನೆಂದು ಹೇಳಿಕೊಂಡಿದ್ದಾನೆ. ಒಂದು ಕೆರೆಯನ್ನೂ ಕಟ್ಟಿಸಿ ಅದಕ್ಕೆ ಕವಿತಾಗುಣಾರ್ಣವವೆಂದು ಹೆಸರಿಟ್ಟ. ಅದು ಅಣ್ಣನ ಬಿರುದು. ಅಣ್ಣನ ಹೆಸರಿನಲ್ಲಿ ಕೆರೆ ಕಟ್ಟಿಸಿದ ತಮ್ಮನನ್ನು ಕುರಿತು ನಮ್ಮ ಮಕ್ಕಳಿಗೆ ಯಾರೂ ಹೇಳಿಲ್ಲ.

ಗಡಿಯಾಚೆ ಕನ್ನಡಿಗರಾಗಿ ಬದುಕುವುದು 1956ರ ಭಾಷಾವಾರು ವಿಂಗಡಣೆಯಿಂದ ನಮ್ಮ ಪಾಲಿಗೆ ಬಂದ ಅವಸ್ಥೆಯೆಂದು ನಾವು ತಿಳಿಯುತ್ತೇವೆ. ತೆಲುಗುನಾಡಿನ ಮೂಲ, ಕನ್ನಡದ ತಾಯಿ, ಎರಡು ಭಾಷೆಗಳ ನಡುವಿನ ಆಸ್ಥಾನ. ಪಂಪನ ಮನೆಯವರ ಬಾಳು ನಮ್ಮದಕ್ಕಿಂತ ಬೇರೆಯಾಗಿರಲಿಲ್ಲ. ಅದಕ್ಕೆ ಸಾಕ್ಷಿಯಾದ ಬಂಡೆ ನಮ್ಮ ರಾಜ್ಯದಲ್ಲೇ ಇದೆ. ಆ ಬಂಡೆಯನ್ನು ತಟ್ಟಿದರೆ ಡಬಡಬ ಸದ್ದು ಬರುವುದಿಲ್ಲ. ಅದರ ಹಿಂದೆ ಹೋದರೂ ಇರುವುದು ಬಂಡೆಯೇ. ನಮ್ಮ ಸಂಘದಲ್ಲಿ ಅದನ್ನು ನೋಡಿದವರು ಎಷ್ಟು ಮಂದಿಯೆಂದು ಕಳೆದ ಸಭೆಯಲ್ಲಿ ಕೇಳಿದಾಗ ಮೂರು ಕೈಗಳು ಎದ್ದವು. ಮಾಹಿಷ್ಮತಿಗೆ ಎತ್ತಿದವರ ಕೈಗಳನ್ನು ಎಣಿಸಲು ಹೋಗಲಿಲ್ಲ.

ಇದಕ್ಕೆ ಸೆಟ್ಟನ್ನು ದೂರುವುದು ಅನ್ಯಾಯ. ಸೆಟ್ಟು ನೋಡುವವನ ಮೇಲೆ ಕರುಣೆಯುಳ್ಳದ್ದು. ಒಂದೇ ನೋಟಕ್ಕೆ ತನ್ನನ್ನು ಪೂರ್ತಿಯಾಗಿ ಕೊಟ್ಟುಬಿಡುತ್ತದೆ, ಏನನ್ನೂ ಕೇಳುವುದಿಲ್ಲ. ಶಾಸನವಾದರೋ ಕಠಿಣ. ಹಳಗನ್ನಡ ಲಿಪಿಯನ್ನು ಬಲ್ಲವನಿಗಲ್ಲದೆ ಅದು ಬಾಯಿ ಬಿಡುವುದಿಲ್ಲ. ಲಿಪಿ ಬಲ್ಲವನಿಗೂ ಭಾಷೆ ಬೇಕು, ಭಾಷೆ ಬಲ್ಲವನಿಗೂ ಪಂಪನು ಯಾರೆಂಬುದು ಗೊತ್ತಿರಬೇಕು. ಇಷ್ಟೂ ಇಲ್ಲದವನಿಗೆ ಅದು ಗೀಚಿದ ಕಲ್ಲು. ಬಿಸಿಲಿನಲ್ಲಿ ಗುಡ್ಡ ಹತ್ತಿ ಗೀಚಿದ ಕಲ್ಲನ್ನು ನೋಡೆಂದು ಹತ್ತು ವರ್ಷದ ಹುಡುಗನಿಗೆ ಹೇಳಿದರೆ ಅವನು ಮಾಹಿಷ್ಮತಿಯೇ ವಾಸಿಯೆಂದರೆ ತಪ್ಪು ಅವನದಲ್ಲ. ಅವನ ಕೈಗೆ ನಾಟಕವನ್ನು ಕೊಡದೆ ನಾವು ಕಲ್ಲನ್ನು ತೋರಿಸುತ್ತಿದ್ದೇವೆ. ಫಿಲಂ ಸಿಟಿಗೆ ಹೋಗುವ ಹುಡುಗನು ಚಿತ್ರವನ್ನು ಹತ್ತು ಸಲ ನೋಡಿ ಹೋಗಿರುತ್ತಾನೆ.

ಈ ಮಾತು ಕೊನೆಗೆ ನಮ್ಮ ಸಂಘದ ಬಾಗಿಲಿಗೇ ಬಂದು ನಿಲ್ಲುತ್ತದೆ. ಸಂಘದ ಸಂಚಿಕೆಯಲ್ಲೇ ಇದನ್ನು ಬರೆಯುವುದು ಉಚಿತವೇ ಎಂದು ಯೋಚಿಸಿದೆ; ಬೇರೆಲ್ಲಿ ಬರೆದರೂ ಅದು ಹೊರಗಿನವರ ಟೀಕೆಯಾದೀತು. ನವೆಂಬರ್ ಒಂದರಂದು ನಾವು ಕಟ್ಟುವುದೇನು? ಹಳದಿ ಕೆಂಪು ಬಾವುಟಗಳ ತೋರಣ, ಭುವನೇಶ್ವರಿಯ ಪಟ, ವೇದಿಕೆಯ ಹಿಂದೆ ಹಂಪೆಯ ಕಲ್ಲಿನ ರಥವನ್ನು ಮುದ್ರಿಸಿದ ದೊಡ್ಡ ಬಟ್ಟೆ. ಮುಂಭಾಗದಿಂದ ನೋಡಿದರೆ ಕನ್ನಡನಾಡೇ. ಹಿಂಬದಿಗೆ ಬಂದರೆ, ಬಟ್ಟೆಯ ಆಚೆ ಬಣ್ಣ ಹಚ್ಚಿಕೊಳ್ಳುತ್ತಿರುವ ಮಕ್ಕಳು ತಮ್ಮತಮ್ಮಲ್ಲಿ ತೆಲುಗಿನಲ್ಲಿ ಮಾತಾಡುತ್ತಿರುತ್ತಾರೆ. ಹಾಡಬೇಕಾದ ಕನ್ನಡ ಗೀತೆಯನ್ನು ಕಾಗದದ ಮೇಲೆ ತೆಲುಗು ಅಕ್ಷರಗಳಲ್ಲಿ ಬರೆದುಕೊಂಡಿರುತ್ತಾರೆ. ಸಭೆ ಮುಗಿದ ಮೇಲೆ ಆ ಕಾಗದಗಳು ಕುರ್ಚಿಗಳ ಕೆಳಗೆ ಬಿದ್ದಿರುವುದನ್ನು ಗುಡಿಸಿದವರಿಗೆ ಗೊತ್ತು.

ಇದು ಸೆಟ್ಟಲ್ಲವೇ ಎಂದು ಕೇಳಿದರೆ ಹೌದೆನ್ನಬೇಕು. ಆದರೆ ಸೆಟ್ಟೆಂಬುದು ಬೈಗುಳವಲ್ಲವೆಂದು ಇಷ್ಟು ಹೊತ್ತು ಹೇಳಿದ್ದೇನೆ. ಪುಸ್ತವಿಲ್ಲದೆ ನಾಟಕವಾಗದು, ಭಾರವಾದ ನಿಜವನ್ನು ಹೊರಲಾರದವರಿಗಾಗಿಯೇ ಭರತನು ಹಗುರವಾದದ್ದನ್ನು ವಿಧಿಸಿದ. ನಮ್ಮ ಮಕ್ಕಳ ಹೆಗಲ ಮೇಲೆ ಹಾಜರಿ, ಪರೀಕ್ಷೆ, ಇಂಗ್ಲಿಷು, ತೆಲುಗು, ಹಿಂದಿ ಎಲ್ಲವೂ ಇರುವಾಗ ಕನ್ನಡದ ಪೂರ್ಣ ಭಾರವನ್ನು ಹೊರಿಸಲಾಗುವುದಿಲ್ಲ. ಒಂದು ಹಾಡು, ಒಂದು ಕುಣಿತ, ಬಟ್ಟೆಯ ಮೇಲಿನ ಒಂದು ರಥ. ನನಗೆ ಭಯ ಇರುವುದು ಬೇರೆ ವಿಷಯಕ್ಕೆ. ನಾಟಕ ನಿಂತುಹೋಗಿ, ನಟರೂ ಹೋಗಿ, ವರ್ಷಕ್ಕೊಮ್ಮೆ ನಾವೇ ಟಿಕೀಟು ಪಡೆದು ಒಳಗೆ ಬಂದು ನಮ್ಮ ಸೆಟ್ಟನ್ನು ನೋಡಿ, ಚಿತ್ರ ತೆಗೆಸಿಕೊಂಡು, ಸಂಜೆ ಬಾಗಿಲು ಹಾಕಿಕೊಂಡು ಹೋಗುವ ದಿನ ಬಂದೀತು. ಕೆಲವು ವರ್ಷ ಅದು ಬಂದೇಬಿಟ್ಟಂತೆ ತೋರುತ್ತದೆ.

ಹಾಗಲ್ಲವೆಂದು ತೋರಿದ ಒಂದು ಪ್ರಸಂಗವನ್ನೂ ಹೇಳಬೇಕು. ಕಳೆದ ಬಾರಿ ಹಾಡಿದ ಮಕ್ಕಳಲ್ಲಿ ಒಬ್ಬಳು ವೇದಿಕೆಯಿಂದ ಇಳಿದು ಬಂದು, ತೆಲುಗು ಅಕ್ಷರದ ಆ ಕಾಗದದಲ್ಲಿ ಒಂದು ಪದದ ಮೇಲೆ ಬೆರಳಿಟ್ಟು, "ಅಜ್ಜಿ, ಬನ ಅಂದ್ರೇನು?" ಎಂದು ಕೇಳಿದಳು. ಅಜ್ಜಿಗೆ ಓದು ಬಾರದು. "ಬನ ಅಂದ್ರ ಬನಾನೇ. ನಮ್ಮ ಹೊಲದ ಬದಿಗಿ ಈಚಲಬನ ಇತ್ತಲ್ಲ, ಅದು" ಎಂದರು. ಹುಡುಗಿ ಆ ಈಚಲಬನವನ್ನು ನೋಡಿಲ್ಲ; ಹೊಲ ನಿವೇಶನಗಳಾಗಿ ಬಹಳ ಕಾಲವಾಯಿತು. ಆಮೇಲೆ ಅಜ್ಜಿ ಊಟದ ಪಂಕ್ತಿ ಮುಗಿಯುವವರೆಗೂ ಆ ಬನ ಎಲ್ಲಿತ್ತು, ಅದರ ನೆರಳಿನಲ್ಲಿ ಯಾರು ಬುತ್ತಿ ಬಿಚ್ಚುತ್ತಿದ್ದರು, ಚಾಪೆ ಹೆಣೆಯಲು ಗರಿ ಕೊಯ್ಯುತ್ತಿದ್ದವರು ಯಾರು ಎಂದು ಹೇಳುತ್ತಲೇ ಇದ್ದರು. ವೇದಿಕೆಯಲ್ಲಿ ಆಗ ಸನ್ಮಾನ ನಡೆಯುತ್ತಿತ್ತು. ಅದನ್ನು ನಾನು ಸರಿಯಾಗಿ ನೋಡಲಿಲ್ಲ.

ಆಗುಂಬೆಯಲ್ಲಿ ದೊಡ್ಡಮನೆಯೆಂಬ ಹಳೆಯ ತೊಟ್ಟಿಮನೆಯಿದೆ. 1980ರ ದಶಕದಲ್ಲಿ ಶಂಕರನಾಗ್ ಅವರು ಆರ್.ಕೆ. ನಾರಾಯಣರ ಕಥೆಗಳನ್ನು 'ಮಾಲ್ಗುಡಿ ಡೇಸ್' ಆಗಿ ದೂರದರ್ಶನಕ್ಕೆ ತಂದಾಗ ಆ ಮನೆ ಸ್ವಾಮಿಯ ಮನೆಯಾಯಿತು. ಮಾಲ್ಗುಡಿ ಎಲ್ಲಿಯೂ ಇಲ್ಲದ ಊರು; ಅದಕ್ಕೆ ಆಗುಂಬೆ ತನ್ನ ಬೀದಿಯನ್ನೂ ಮಳೆಯನ್ನೂ ಕೊಟ್ಟಿತು. ಅದೇ ಚಿತ್ರಮಾಲೆಯಲ್ಲಿ ಬಂದ ಶಿವಮೊಗ್ಗ ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣದ ಹಳೆಯ ಕಟ್ಟಡವನ್ನು ರೈಲ್ವೆಯವರು ಮಾಲ್ಗುಡಿಯ ವಸ್ತುಸಂಗ್ರಹಾಲಯವಾಗಿ ಮಾಡಿದ್ದಾರೆ. ಅಲ್ಲಿ ಸೆಟ್ಟು ಸಂಗ್ರಹಾಲಯವಾಯಿತು. ದೊಡ್ಡಮನೆಯಲ್ಲಿ ಹಾಗಾಗಲಿಲ್ಲ. ಚಿತ್ರೀಕರಣಕ್ಕೆ ಮೊದಲೂ ಅಲ್ಲಿ ಒಲೆ ಉರಿಯುತ್ತಿತ್ತು, ಚಿತ್ರೀಕರಣದವರು ಹೋದ ಮೇಲೂ ಉರಿಯಿತು. ನೋಡಲು ಬಂದವರಿಗೆ ಊಟ ಹಾಕುವುದು ಆ ಮನೆಯ ರೂಢಿ. ಸ್ವಾಮಿ ಕುಳಿತ ಜಗಲಿಯನ್ನು ನೋಡಲು ಹೋದವರು ಎಲೆಯ ಮುಂದೆ ಕುಳಿತು ಸಾರು ಅನ್ನ ಉಂಡು ಬರುತ್ತಾರೆ. ಆ ಮನೆಗೆ ಮುಂಭಾಗದಷ್ಟೇ ಹಿಂಬದಿಯೂ ಉಂಟು. ಅಲ್ಲಿ ಬಚ್ಚಲುಮನೆ, ಸೌದೆ, ದನದ ಕೊಟ್ಟಿಗೆ.

ಬರುವ ಚಳಿಗಾಲದಲ್ಲಿ ಸಂಘದ 2 ದಿನಗಳ ಪ್ರವಾಸವನ್ನು ಗೊತ್ತುಮಾಡುವ ಮಾತು ನಡೆದಿದೆ. ಮೊದಲ ದಿನ ಫಿಲಂ ಸಿಟಿ ಇರಲೇಬೇಕೆಂದು ಮಕ್ಕಳ ಪಟ್ಟು, ಇರಲಿ. ರಾತ್ರಿ ಹೈದರಾಬಾದಿನಲ್ಲಿ ತಂಗಿ, ಎರಡನೆಯ ದಿನ ಬೆಳಗಿನ ಜಾವವೇ ಹೊರಟರೆ ಕರೀಂನಗರ ದಾಟಿ ಬೊಮ್ಮಲಗುಟ್ಟವನ್ನು ಬಿಸಿಲೇರುವ ಮುನ್ನ ಹತ್ತಬಹುದು, ಹಿಂದಿರುಗುವಾಗ ವೇಮುಲವಾಡ. ಶಾಸನದ ಪಾಠವನ್ನು ದೊಡ್ಡ ಅಕ್ಷರಗಳಲ್ಲಿ, ಹೊಸಗನ್ನಡದ ಅರ್ಥದೊಡನೆ ಅಚ್ಚುಮಾಡಿಸಿ ಬಸ್ಸಿನಲ್ಲೇ ಕೈಗೆ ಕೊಡಬೇಕೆಂದೂ, ಕನ್ನಡ ಭಾಗವನ್ನು ಅಲ್ಲಿ ನಿಂತು ಮಕ್ಕಳಿಂದಲೇ ಓದಿಸಬೇಕೆಂದೂ ಒಬ್ಬರು ಸೂಚಿಸಿದ್ದಾರೆ. ತೆಲುಗು ಪದ್ಯಗಳನ್ನು ಓದಲು ನಮ್ಮ ಮಕ್ಕಳಿಗೆ ಯಾರ ನೆರವೂ ಬೇಡವೆಂಬ ಮಾತಿಗೆ ಸಭೆಯಲ್ಲಿ ನಗೆ ಎದ್ದಿತು. ಗುಡ್ಡದ ಬುಡದಲ್ಲಿ ಅಂಗಡಿ ಇದ್ದೀತೆಂದು ನಂಬಿ ಹೋಗುವಂತಿಲ್ಲ. ರೊಟ್ಟಿ, ಶೇಂಗಾ ಹಿಂಡಿ, ನೀರು ಮನೆಯಿಂದಲೇ ಬರಬೇಕು. ಇದುವರೆಗೆ ಹೆಸರು ಬರೆಸಿದವರು 14 ಮಂದಿ.